ಮೂಗಿಗೆ ಹಿಡಿದ ದಾರ

ಸುರಪುರದ ಸುತ್ತಮುತ್ತ ಯಾರ ಮನೆಗಾದರೂ ಹೋಗಿ, ಗೋಡೆಯ ಮೇಲಿನ ಹಳೆಯ ಮದುವೆ ಫೋಟೊ ನೋಡಿ. ಮದುಮಗಳ ಕಣ್ಣು ತುಸು ಮೂಗಿನ ಕಡೆಗೇ ಎಳೆದಂತಿದ್ದರೆ, ಅದು ಅಮೀನಸಾಬರು ತೆಗೆದ ಫೋಟೊ. ಬೇರೆ ಸಾಕ್ಷಿ ಬೇಡ.

ಅದಕ್ಕೆ ಕಾರಣ ಒಂದು ದಾರ. ಅಮೀನಸಾಬರ ಹತ್ತಿರ ಇದ್ದದ್ದು ಅಂಗಿಯ ಕಿಸೆಯಲ್ಲಿ ಕೂರುವಂಥ ಪುಟ್ಟ ಕ್ಯಾಮೆರಾ. ಹೈದರಾಬಾದಿನಲ್ಲಿ ಹಳೆ ಸಾಮಾನು ಮಾರುವವನ ಹತ್ತಿರ ಕೊಂಡದ್ದು. ಅದರ ಮೇಲೊಂದು ಸಣ್ಣ ಕಿಟಕಿ. ಆ ಕಿಟಕಿಯಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂಬುದು ಕಾಣುತ್ತಿತ್ತು, ಆದರೆ ಮುಖ ಸ್ಪಷ್ಟವಾಗಿ ಬರುತ್ತದೋ ಮಬ್ಬಾಗುತ್ತದೋ ಅದು ಹೇಳುತ್ತಿರಲಿಲ್ಲ. ದೂರ ಎಷ್ಟೆಂದು ಊಹೆ ಮಾಡಿ ಲೆನ್ಸಿನ ಸುತ್ತಲಿನ ಬಳೆ ತಿರುಗಿಸಬೇಕು. ಊಹೆಯ ಮೇಲೆ ಮಂದಿಯ ಮದುವೆ ಬಿಡುವುದು ಬೇಡವೆಂದು ಅವರು ಆ ಬಳೆಯನ್ನು ನಾಲ್ಕು ಮೊಳದ ದೂರಕ್ಕೆ ನಿಲ್ಲಿಸಿಬಿಟ್ಟರು. ಕ್ಯಾಮೆರಾಕ್ಕೆ ನಾಲ್ಕು ಮೊಳ ದಾರ ಕಟ್ಟಿ, ಇನ್ನೊಂದು ತುದಿಯನ್ನು ಮದುಮಗಳ ಮೂಗಿಗೆ ಹಿಡಿಸುತ್ತಿದ್ದರು. ದಾರ ಬಿಗಿಯಾಯಿತೇ, ದೂರ ಸರಿ. ತುದಿ ಬಿಟ್ಟ ಕೂಡಲೇ ಕ್ಲಿಕ್. ದಾರ ನೋಡುತ್ತಿದ್ದ ಕಣ್ಣು ಮೂಗಿನಿಂದ ವಾಪಸು ಬರುವುದರೊಳಗೆ ಫೋಟೊ ಮುಗಿದಿರುತ್ತಿತ್ತು.

ನಮ್ಮವ್ವ ಸಾವಿತ್ರಿಬಾಯಿಯ ಮದುವೆ ಫೋಟೊದಲ್ಲಿ ಹಿಂದೆ ಬುದ್ಧ, ಬಾಬಾಸಾಹೇಬರ ಚಿತ್ರಗಳು ಗಂಭೀರವಾಗಿವೆ. ಮುಂದೆ ನಮ್ಮಪ್ಪ ಅವರಿಗಿಂತ ಗಂಭೀರ. ಅವ್ವ ಮಾತ್ರ ಬಾಯಿ ತುಂಬ ನಗುತ್ತಿದ್ದಾಳೆ. ಕೇಳಿದರೆ, "ಲಗ್ನದಾಗ ಯಾರರೆ ಮೂಗಿಗೆ ದಾರ ಹಿಡದ್ರ ನಗಲಾರದ ಇರಾಕ ಆಕ್ಕೈತೇನು?" ಅನ್ನುತ್ತಾಳೆ.

ನಾನು ಬುದ್ಧಪ್ರಿಯ. ಸುರಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ರಜೆ ಬಂತೆಂದರೆ ಬಿದಿರ ಕೋಲಿಗೆ ಮೈಕು ಕಟ್ಟಿ, ಗಾಳಿಯ ಸದ್ದು ಬರಬಾರದೆಂದು ಅದಕ್ಕೊಂದು ಹಳೆ ಕಾಲುಚೀಲ ತೊಡಿಸಿ, ಜನರ ಮಾತು ಹಿಡಿಯಲು ಹೊರಡುತ್ತೇನೆ. ಯಾರೂ ಕಲಿಸಲಿಲ್ಲ. ಮಂದಿಯ ಮಾತು ಕೇಳುವುದಕ್ಕೆ ಕಲಿಯುವುದಾದರೂ ಏನಿದೆ, ಸುಮ್ಮನಿರುವುದೊಂದೇ. ಹೀಗಾಗಿ ನಂದಿನಿ ಸಿನಿಮಾ ಮಾಡುತ್ತೇನೆಂದಾಗ ಸದ್ದಿನ ಕೆಲಸ ನನ್ನ ಪಾಲಿಗೆ ಬಂತು.

ನಂದಿನಿ ಕಕ್ಕೇರಾದ ಕುರಿಗಾರರ ಮನೆಯ ಹುಡುಗಿ. ಶಹಾಪುರದ ಸ್ಟುಡಿಯೊ ಒಂದರಲ್ಲಿ ಮದುವೆ ವಿಡಿಯೊ ತೆಗೆಯುತ್ತಾಳೆ. ಒಂದು ಮದುವೆಯಲ್ಲಿ ಮದುಮಕ್ಕಳಿಗೆ ಎರೆಯುವ ಸುರಗಿ ನೀರು ಚೆಲ್ಲಿ ಸ್ಟುಡಿಯೊದ ಕ್ಯಾಮೆರಾದ ಹಿಂದಿನ ಪರದೆ ಕುರುಡಾಯಿತು. ಕುರುಡು ಕ್ಯಾಮೆರಾ ಯಾರಿಗೆ ಬೇಕು ಎಂದು ಮಾಲೀಕ ಅದನ್ನು ಅವಳಿಗೇ ಬಿಟ್ಟುಕೊಟ್ಟ. ಅವಳು ಅದರ ನೆತ್ತಿಯ ಮೇಲೆ ಎರಡೂ ಕಡೆ ತೆರೆದ ಬೆಂಕಿಪೆಟ್ಟಿಗೆ ಅಂಟಿಸಿ, ಅದರ ತೂತಿನಲ್ಲಿ ಹಣಕಿ ನೋಡಿ ಚಿತ್ರೀಕರಣ ಮಾಡುತ್ತಿದ್ದಳು. ಲೆನ್ಸು ಮಾತ್ರ ಸ್ಟುಡಿಯೊದ್ದು, ಕೇಳಿ ತರಬೇಕು.

ಸಿನಿಮಾ ಹತ್ತು ನಿಮಿಷದ್ದು. ಅವಳಪ್ಪ ಭಗವಂತರಾಯನ ಕೈ, ಅವಳವ್ವ ಬಾಲಮ್ಮನ ಬಾಯಿ, ಅಷ್ಟೇ ಕಥೆ. ಅಪ್ಪ ಮಾತಾಡುವುದಿಲ್ಲ, ಅವ್ವ ಮಾತು ನಿಲ್ಲಿಸುವುದಿಲ್ಲ. ಕಲಬುರಗಿಯಲ್ಲಿ ಕಿರುಚಿತ್ರಗಳ ಒಂದು ಸ್ಪರ್ಧೆ ಇತ್ತು. ಒಂಬತ್ತು ನಿಮಿಷದ ಚಿತ್ರ ತಯಾರಾಗಿತ್ತು. ಉಳಿದದ್ದು ಕೊನೆಯ ಒಂದು ನಿಮಿಷ: ಅಪ್ಪ ಕುರಿಯ ಉಣ್ಣೆ ಕತ್ತರಿಸುವಾಗಿನ ಮುಖ, ಹತ್ತಿರದಿಂದ.

"ಹೊಸಾ ಲೆನ್ಸಿನ್ಯಾಗ ತೆಗದು ನೋಡೀನಿ," ಎಂದಳು ನನಗೆ. "ಜನಗಣತಿಗೆ ಬಂದೋರಂಗ ನೋಡ್ತೈತಿ ಅದು. ಎಷ್ಟು ಕೂದಲ, ಎಷ್ಟು ಸುಕ್ಕು, ಎಷ್ಟು ಕಲಿ, ಎಲ್ಲಾ ಎಣಿಸ್ತೈತಿ. ಅಪ್ಪನ್ನ ಮಾತ್ರ ನೋಡಂಗಿಲ್ಲ. ಅಮೀನಸಾಬ್ ಚಾಚಾನ ಕ್ಯಾಮರಾದಾಗ ಅವ್ವ ಅಪ್ಪನ ಲಗ್ನದ ಫೋಟೊ ಐತಲ್ಲ, ಹಂಗ ಬೇಕು ನನಗ. ಮುಖ ಮೆತ್ತಗ, ಅಂಚಿಗೆ ಬೆಳಕು ಸೋರಿದಂಗ."

ಈಗ ಬೇರೆ ಬೇರೆ ಊರುಗಳಲ್ಲಿ ಹಾಗೆ ಮಾಡುತ್ತಾರಂತೆ. ಹಳೆಯ ಪುಟ್ಟ ಕ್ಯಾಮೆರಾಗಳನ್ನು ಬಿಚ್ಚಿ, ಅವುಗಳ ಲೆನ್ಸು ಕಿತ್ತು, ಹೊಸ ಕ್ಯಾಮೆರಾದ ಬಾಯಿಗೆ ಕೂರಿಸಿ ಸಿನಿಮಾ ತೆಗೆಯುತ್ತಾರೆ. ಫೋನಿನಲ್ಲಿ ನೋಡಿಕೊಂಡು ಬಂದಿದ್ದಳು. ಇಬ್ಬರೂ ಅಮೀನಸಾಬರ ಮನೆಗೆ ಹೋದೆವು.

ಎಪ್ಪತ್ತು ದಾಟಿದ ಆಳು, ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ. "ಅದು ಸತ್ತು ಇಪ್ಪತ್ತು ವರ್ಷ ಆತಲ್ಲ ಬೇಟಿ," ಎಂದರು. "ಕ್ಲಿಕ್ ಅನ್ನಂಗಿಲ್ಲ ಅದು."

"ಕ್ಲಿಕ್ ಬ್ಯಾಡ್ರಿ ಚಾಚಾ. ಅದರ ಕಣ್ಣಷ್ಟ ಬೇಕು."

ಒಳಗಿನಿಂದ ಅವರ ಹೆಂಡತಿ ಕುಬ್ರಾಬೇಗಂ ಕೂಗಿದರು. "ಕಣ್ಣಷ್ಟ ಯಾಕ, ಪೂರಾ ತಗೊಂಡ ಹೋಗವಾ! ನನ್ನ ಸವತಿ ಅದು. ಊರ ಮಂದಿ ಲಗ್ನಕ್ಕ ಇವ್ರು, ಅದು, ಇಬ್ಬರs ಹೋಗೋದು. ಮಂಡಗಿ, ಬಿರ್ಯಾನಿ ಎಲ್ಲಾ ಉಂಡು ಬರೋದು. ನಾನು ಮನ್ಯಾಗ ರೊಟ್ಟಿ ಬಡಕೋಂತ ಕುಂದ್ರೋದು. ಒಂದು ಲಗ್ನಕ್ಕರೆ ಕರಕೊಂಡ ಹೋಗ್ಯಾರೇನ ಕೇಳು."

"ದಾರ ಎಲ್ಲೈತ್ರಿ ಚಾಚಿ, ಆ ಮೂಗಿನ ದಾರ?"

"ಮೆಣಸಿನಕಾಯಿ ಪೋಣಿಸೀನಿ. ಒಲಿ ಮ್ಯಾಲ ತೂಗಾಕತ್ತೈತಿ ನೋಡು."

ಅಮೀನಸಾಬರು ತಗಡಿನ ಡಬ್ಬಿಯಿಂದ ಕ್ಯಾಮೆರಾ ತೆಗೆದರು. ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, "ನಾನs ಬಿಚ್ಚತೀನಿ. ಬ್ಯಾರೇದವ್ರ ಕೈ ಹಚ್ಚಬಾರದು," ಎಂದರು. ನಂದಿನಿ ತನ್ನ ಕ್ಯಾಮೆರಾ, ಲ್ಯಾಪ್‌ಟಾಪ್ ಎರಡನ್ನೂ ಅಲ್ಲೇ ಬಿಟ್ಟು, ಯಾವ ಗುಂಡಿ ಒತ್ತಬೇಕು ಎಂದು ತೋರಿಸಿ ಕೆಲಸಕ್ಕೆ ಹೋದಳು. ಮುದುಕರು ಗಡಿಯಾರ ರಿಪೇರಿಯ ತಿರುಪುಳಿಯಿಂದ ಲೆನ್ಸು ಬಿಡಿಸಿ, ಪ್ಲಾಸ್ಟಿಕ್ ಮುಚ್ಚಳಕ್ಕೆ ತೂತು ಕೊರೆದು ಕೂರಿಸಿ, ನಾಲ್ಕು ಮೊಳ ದಾರದ ದೂರಕ್ಕೆ ದೀಪ ಹಚ್ಚಿಟ್ಟು, ತೆಗೆದು, ನೋಡಿ, ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ತೆಗೆದು, ಎರಡು ದಿನ ಅದಕ್ಕೇ ಕೂತರು. ಸರಿ ಬಂದ ಕೂಡಲೇ ಎಂಸೀಲ್ ಅಂಟು ಮೆತ್ತಿ ಅಲುಗದಂತೆ ಮಾಡಿಬಿಟ್ಟರು.

"ಇನ್ನ ಇದು ಹಿಂದಕ್ಕೂ ತಿರಗಂಗಿಲ್ಲ, ಮುಂದಕ್ಕೂ ತಿರಗಂಗಿಲ್ಲ," ಎಂದು ಕೈಗಿಟ್ಟರು. "ನಾಲ್ಕು ಮೊಳ. ಹೊಸಾ ದಾರ ಕಟ್ಕೋ. ಇಷ್ಟು ಮಂದಿ ಲಗ್ನ ಆಗಿದ್ದು ನಾಲ್ಕು ಮೊಳದಾಗ. ನಿಮ್ಮಪ್ಪನ ಮುಖಾನೂ ಆಕ್ಕೈತಿ."

ಭಾನುವಾರ ಬೋನಾಳದ ಕೆರೆಯ ಪಕ್ಕ, ತೊಗರಿ ಕೊಯ್ದ ಹೊಲದಲ್ಲಿ ಭಗವಂತರಾಯನ ಹಿಂಡು ಇಳಿದಿತ್ತು. ಹಿಂದಿನ ದಿನವೇ ಕುರಿಗಳ ಮೈ ತೊಳೆದಾಗಿತ್ತು. ಉಣ್ಣೆ ಕತ್ತರಿಸಲು ಭಗವಂತರಾಯ, ಬಾಲಮ್ಮನ ತಮ್ಮ ಮೌನೇಶ, ಮೌನೇಶನ ಗೆಳೆಯ ತಾಯಪ್ಪ, ಹೀಗೆ ಮೂರು ಕತ್ತರಿ. ಬೆಳಗಾದರೆ ಹಿಂಡು ಹೊಳೆಯ ಕಡೆ ಹೊರಡುವುದು. ಮತ್ತೆ ಉಣ್ಣೆ ಬೆಳೆದು ಕತ್ತರಿ ಬೀಳಬೇಕೆಂದರೆ ಆರು ತಿಂಗಳು. ಸ್ಪರ್ಧೆಗೆ ಉಳಿದದ್ದು ಒಂಬತ್ತು ದಿನ. ಸ್ಟುಡಿಯೊದ ಲೆನ್ಸು ಅವತ್ತು ಒಂದು ಮದುವೆಗೆ ಹೋಗಿತ್ತು. ಒಟ್ಟಿನಲ್ಲಿ ಇವತ್ತು, ಈ ಲೆನ್ಸಿನಲ್ಲಿ ಆಗಬೇಕು, ಇಲ್ಲದಿದ್ದರೆ ಆ ಒಂದು ನಿಮಿಷ ಇಲ್ಲ.

ನಂದಿನಿ ಮೊಳಕೈಯಿಂದ ಬೆರಳ ತುದಿಯವರೆಗೆ ನಾಲ್ಕು ಸಲ ದಾರ ಅಳೆದು ಕ್ಯಾಮೆರಾಕ್ಕೆ ಕಟ್ಟಿದಳು. ಇನ್ನೊಂದು ತುದಿ ಅಪ್ಪನ ಮೂಗಿಗೆ ಹಿಡಿದರೆ ಅವನು ಔಷಧಿ ಕುಡಿಸಲು ಹಿಡಿದ ಕುರಿಯ ಹಾಗೆ ಮುಖ ಹಿಂದಕ್ಕೆ ಎಳೆದುಕೊಂಡ.

"ಹಿಡಕೋರಿ, ಹಿಡಕೋರಿ," ಎಂದಳು ಬಾಲಮ್ಮ. "ಲಗ್ನದಾಗ ನಾ ಹಿಡಕೊಂಡಿರಲಿಲ್ಲೇನು? ಮೂಗುದಾರ ಹಾಕಿಸ್ಕೊಂಡು ಮೂವತ್ತು ವರ್ಷ ಆತು, ಈಗ ನಾಚಿಕಿ ಬಂತು ನೋಡ್ ತಮ್ಮಾ ಇವ್ರಿಗೆ."

ನಾನು ಮೈಕಿನ ಕೋಲು ಅವಳ ಕಡೆಗೇ ತಿರುಗಿಸಿ ಹಿಡಿದಿದ್ದೆ. ಬಾಲಮ್ಮ ಕುರಿಗಳಿಗೆ ಬೈಯುವುದನ್ನು ಕೇಳಬೇಕು ನೀವು. ಒಂದಕ್ಕೆ ಬೈದದ್ದು ಇನ್ನೊಂದಕ್ಕೆ ಬೈಯುವುದಿಲ್ಲ. "ಬಾ ಗೌಡಸಾನಿ, ನಿನಗ ಚಾಪಿ ಹಾಸಬೇಕೇನು?" "ನಿಂದೇನು, ಅಂಗಿ ಬಿಚ್ಚಾಕ ಇಷ್ಟು ಚೀರಾಟ!" "ಏ ನೀ ಸುಮ್ಮಕಿರು, ನಿಮ್ಮವ್ವನೂ ಹಿಂಗs ಒದೀತಿದ್ಳು." ಭಗವಂತರಾಯ ಹ್ಞೂಂ ಎಂದೂ ಅನ್ನದೆ ಕತ್ತರಿ ಆಡಿಸುತ್ತಿದ್ದ. ಕತ್ತರಿಯ ಕಿಚಿಕಿಚಿ, ಕೆರೆಯ ಮೇಲೆ ಚಳಿಗಾಲದ ಬಾತುಗಳ ಗಲಾಟೆ. ನನ್ನ ಕಿವಿಗೆ ಅವತ್ತು ಹಬ್ಬ.

ಮಧ್ಯಾಹ್ನ ಊಟಕ್ಕೆ ಕೂತಾಗ ನಂದಿನಿ ಕ್ಯಾಮೆರಾದ ಕಾರ್ಡು ತೆಗೆದು ನನ್ನ ಫೋನಿಗೆ ಸಿಕ್ಕಿಸಿದಳು. ಬಿಸಿಲಿಗೆ ಏನೂ ಕಾಣುವುದಿಲ್ಲವೆಂದು ಅಪ್ಪನ ಕಂಬಳಿ ಹೊದ್ದುಕೊಂಡು ಇಬ್ಬರೂ ಒಳಗೆ ಸೇರಿದೆವು. ಲ್ಯಾಪ್‌ಟಾಪ್ ಮನೆಯಲ್ಲಿತ್ತು, ಅವಳ ಫೋನಿಗೆ ಕಾರ್ಡು ಕೂರುತ್ತಿರಲಿಲ್ಲ, ನನ್ನದು ಹಳೆ ಫೋನು. ಅಷ್ಟು ದೊಡ್ಡ ಚಿತ್ರ ತೆರೆಯಲು ಅದಕ್ಕೆ ಐದು ನಿಮಿಷ ಬೇಕು. ಚಕ್ರ ತಿರುಗಿತು, ತಿರುಗಿತು. ಆಮೇಲೆ ಚಿತ್ರ ಬಂತು.

ಭಗವಂತರಾಯನ ಮುಖ ಇರಬೇಕಾದಲ್ಲಿ ಕಲಸಿಟ್ಟ ಜೋಳದ ಹಿಟ್ಟಿನಂಥದ್ದು ಏನೋ ಇತ್ತು. ಮೀಸೆ ಹೊಗೆಯಾಗಿತ್ತು.

ಬಾಲಮ್ಮ ಕಂಬಳಿಯೊಳಗೆ ತಲೆ ತೂರಿಸಿದಳು. "ಯವ್ವಾ, ಇದ್ಯಾರು?"

"ಅಪ್ಪ."

"ಕುರಿ ಅಂತ ಮಾಡಿದ್ದೆ."

ನಂದಿನಿ ನಗಲಿಲ್ಲ. ಬೆಳಗಿನಿಂದ ತೆಗೆದದ್ದೆಲ್ಲ ಹಾಗೆಯೇ. ಉಳಿದ ಕುರಿ ಎಂಟು. "ಲೆನ್ಸು ಕೆಟ್ಟೈತಿ ಅನ್ಸತೈತಿ," ಎಂದಳು, ದನಿ ಸಣ್ಣಗಾಗಿತ್ತು. "ಇಲ್ಲಾ ನನಗs ಬರಂಗಿಲ್ಲ."

"ನಾಲ್ಕು ಮೊಳ ಬರೊಬ್ಬರಿ ಅಳದಿ?" ಎಂದೆ.

"ನಿನ್ನ ಮುಂದs ಅಳದೀನಲ್ಲ."

ಬಾಲಮ್ಮ ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಯಾರ ಮೊಳ?"

"ಯಾರ ಮೊಳ ಅಂದ್ರ? ಮೊಳ."

"ಅಯ್ಯ ಹುಚ್ಚಿ! ಹೂವಿನಾಕಿ ಮೊಳ ಬ್ಯಾರೆ, ಕಂಬಳಿ ನೇಯಾಂವನ ಮೊಳ ಬ್ಯಾರೆ. ಸಂತ್ಯಾಗ ಹೂವಿನಾಕಿ ಕೂಡ ಜಗಳ ಆಡೇ ನನ್ನ ಅರ್ಧ ಆಯುಷ್ಯ ಹೋಗೈತಿ. ಕನ್ನಡಿ ಕೂರಿಸಿದಾಂವ ಯಾರು? ಅಮೀನಸಾಬ. ಅವನ ಕೈ ನೋಡಿಯಿಲ್ಲೋ? ಗಿಡ ಹತ್ತಲಾರದ ಹುಣಸಿಹಣ್ಣು ಹರೀತಾನ ಅಂವ. ಅವನ ಮೊಳಕ್ಕ ಅಳೀಬೇಕು, ನಿನ್ನ ಮೊಳಕ್ಕಲ್ಲ."

ಇದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ಮೌನೇಶ ಎತ್ತರದ ಆಳು. ಅವನ ಕೈಯಿಂದ ನಾಲ್ಕು ಮೊಳ ಅಳೆದು ಹೊಸ ದಾರ ಕಟ್ಟಿ ನಂದಿನಿ ಹಿಂದೆ ಸರಿದು ಕೂತಳು. ಎರಡು ಕುರಿ ಹಾಗೆ ತೆಗೆದಳು. ಅಷ್ಟರಲ್ಲಿ ಉಳಿದಿಬ್ಬರ ಕತ್ತರಿಯೂ ನಡೆದಿತ್ತು. ಮತ್ತೆ ಕಂಬಳಿ, ಮತ್ತೆ ಚಕ್ರ. ಈ ಸಲ ಬಂದ ಮುಖ ಇನ್ನೂ ಮಬ್ಬು, ಹಿಟ್ಟು ಹೋಗಿ ಅಂಬಲಿಯಾಗಿತ್ತು. ಆದರೆ ಚಿತ್ರದ ಕೆಳಗೆ, ಅಪ್ಪನಿಗಿಂತ ಈಚೆಗೆ ಯಾರೋ ಇಟ್ಟಿದ್ದ ನೀರಿನ ಚೊಂಬು ಮಾತ್ರ ನಿಚ್ಚಳವಾಗಿತ್ತು. ಅದರ ಮೇಲೆ ಕೊರೆಸಿದ್ದ ಹೆಸರೂ ಓದಲು ಬರುತ್ತಿತ್ತು.

"ಬಾಲಮ್ಮ," ಎಂದು ಓದಿದೆ.

"ನೋಡು, ಆ ಕನ್ನಡಿಗೂ ಗೊತ್ತೈತಿ ಮನಿ ಯಾರ್ದಂತ," ಎಂದಳು ಬಾಲಮ್ಮ.

"ಅಂದ್ರ ಹತ್ತಿರ ಬರಬೇಕಿತ್ತು, ಹಿಂದ ಸರದ್ವಿ!" ನಂದಿನಿ ಎದ್ದು ನಿಂತಳು. "ಆ ಚೊಂಬು ಎಲ್ಲಿತ್ತು? ಯಾರು ತಗದ್ರಿ?"

"ನೀರು ಕುಡದೆ," ಎಂದ ತಾಯಪ್ಪ, ತಪ್ಪು ಮಾಡಿದವನಂತೆ ಚೊಂಬನ್ನು ಎದೆಗೆ ಅವುಚಿಕೊಂಡು.

ಉಳಿದ ಕುರಿ ಮೂರು. ಗೇಣು ಗೇಣು ಸರಿದು, ಪ್ರತಿ ಸಲ ಐದು ನಿಮಿಷ ಚಕ್ರ ನೋಡುತ್ತ ಕೂತರೆ ಮುಖ ಸಿಗುವುದರೊಳಗೆ ಕುರಿ ಮುಗಿಯುತ್ತವೆ. ಅಮೀನಸಾಬರಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟೆ.

"ಚಾಚಾ, ನಿಮ್ಮ ಮೊಳ ನಮ್ಮ ಮೊಳಕ್ಕಿಂತ ಸಣ್ಣದೇನ್ರಿ?" ನಂದಿನಿ ಕೇಳಿದಳು.

"ನನ್ನ ಮೊಳ?" ಆ ಕಡೆ ಅವರಿಗೆ ಆಶ್ಚರ್ಯ. "ನಾ ಎಂದೂ ಅಳದಿಲ್ಲವಾ. ದಾರ ಅಳದು ಗಂಟು ಹಾಕಿ ಕಿಸೇದಾಗ ಇಟ್ಟು ಕಳಸಾಕಿ ನಿಮ್ಮ ಚಾಚಿ."

"ಮೊನ್ನಿ ಲೆನ್ಸು ಕೂರಿಸುವಾಗ?"

"ಮೊನ್ನೀನೂ ಆಕೀನs."

ಕುಬ್ರಾಬೇಗಂ ಅಂದರೆ ಅಮೀನಸಾಬರ ಎದೆಯವರೆಗೂ ಬಾರದ ಪುಟ್ಟ ಹೆಂಗಸು. ಅವರ ಕೈಯ ನಾಲ್ಕು ಮೊಳ ನಮ್ಮ ಮೂರೂವರೆಯೋ ಏನೋ!

"ಚಾಚಿಗೆ ಕೊಡ್ರಿ! ಚಾಚಿ, ನಿಮ್ಮ ಮೊಳ ಎಷ್ಟು ಇಂಚು ಐತ್ರಿ?"

"ಮೊಳಕ್ಕೆಲ್ಲಿ ಇಂಚವಾ? ಮೊಳ ಅಂದ್ರ ಮೊಳ. ಫೋನಿನ್ಯಾಗ ಕೈ ಕಳಸಾಕ ಬರ್ತೈತೇನು?" ಹಿಂದೆ ಏನೋ ಸದ್ದು, ಪಾತ್ರೆ ಬಿದ್ದ ಹಾಗೆ. "ಕುರಿ ನಿಂದ್ರಸ್ರಿ. ಆಟೊ ಮಾಡ್ಕೊಂಡು ನಾನs ಬರ್ತೀನಿ. ಏನ್ರಿ, ಚಪ್ಪಲಿ ಹಾಕ್ಕೋರಿ!"

ಆಟೊ ಸುರಪುರದಿಂದ ಬರಬೇಕೆಂದರೆ ಮುಕ್ಕಾಲು ತಾಸು. ಮೌನೇಶ, ತಾಯಪ್ಪ ಇಬ್ಬರಿಗೂ ಬೇಗ ಮುಗಿಸುವ ಅವಸರ, ಬೆಳಗ್ಗೆ ಅವರು ಬೇರೆ ಹಿಂಡಿಗೆ ಹೋಗಬೇಕು. "ಮೂರು ಕುರಿಗೆ ಏನು ಕಾಯೋದು ಮಾವಾ, ಹತ್ತು ನಿಮಿಷದ ಕೆಲಸ," ಎನ್ನುತ್ತ ಎರಡನ್ನು ಅವರು ಹಿಡಿದೇಬಿಟ್ಟರು. ಕೊನೆಗೆ ಉಳಿದದ್ದು ಒಂದೇ, ಸಾಹುಕಾರ ಎಂಬ ಹೆಸರಿನ ಕರಿ ಟಗರು. ನಂದಿನಿ ಅಪ್ಪನ ಮುಖ ನೋಡಿದಳು. ಬೇಡ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಮಂದಿಯ ಕೆಲಸ ತನ್ನ ಹತ್ತು ನಿಮಿಷದ ಸಿನಿಮಾಕ್ಕೆ ನಿಲ್ಲಬೇಕೆಂದು ಹೇಗೆ ಕೇಳುವುದು?

ಭಗವಂತರಾಯ ಕತ್ತರಿಯನ್ನು ಕಲ್ಲಿಗೆ ತಿಕ್ಕತೊಡಗಿದ. ಒಂದು ಕಡೆ ತಿಕ್ಕಿದ, ಇನ್ನೊಂದು ಕಡೆ ತಿಕ್ಕಿದ, ಬೆರಳಲ್ಲಿ ಮುಟ್ಟಿ ನೋಡಿ ಮತ್ತೆ ಮೊದಲಿನ ಕಡೆ ತಿಕ್ಕಿದ. ಕೊನೆಗೆ ಮೌನೇಶನೇ ಟಗರು ಎಳೆದು ತಂದು ಅವನ ಕೈಗೆ ಕೊಟ್ಟ. ಭಗವಂತರಾಯ ಅದರ ಕಾಲು ಹಿಡಿದ, ಕೆಡವಿದ. ಅದೇನಾಯಿತೋ, ಮರುಗಳಿಗೆಗೆ ಟಗರು ಎದ್ದು, ಬೇಲಿ ಹಾರಿ, ತೊಗರಿ ಕೂಳೆಯ ನಡುವೆ ಓಟ ಕಿತ್ತಿತ್ತು.

"ಹಿಡೀರ್ಲೇ!" ಎಂದು ಬಾಲಮ್ಮ ಕೂಗಿದಳು. ಮೌನೇಶ, ತಾಯಪ್ಪ ಇಬ್ಬರೂ ಬೆನ್ನು ಹತ್ತಿದರು. ನಾಯಿಯೂ ಓಡಿತು, ಅದರ ಹಿಂದೆ ಮೈಕಿನ ಕೋಲು ಹಿಡಿದು ನಾನೂ ಓಡಿದೆ. ಸಾಹುಕಾರ ಆ ಹೊಲದಿಂದ ಈ ಹೊಲ, ಈ ಹೊಲದಿಂದ ಕೆರೆಯ ದಂಡೆ ಎಂದು ನಮ್ಮನ್ನು ತಿರುಗಾಡಿಸಿತು. ಹಿಡಿದು ತರುವುದರೊಳಗೆ ಹೊಲದ ಬದುವಿನಲ್ಲಿ ಆಟೊ ನಿಂತಿತ್ತು.

ಕುಬ್ರಾಬೇಗಂ ಬಂದವರೇ ಯಾರನ್ನೂ ಮಾತಾಡಿಸದೆ ಬಳೆಗಳನ್ನು ಮೇಲೆ ಸರಿಸಿ, ದಾರದ ಉಂಡೆ ತೆಗೆದು ಅಳೆಯಲು ಶುರು ಮಾಡಿದರು. ಒಂದು, ಎರಡು, ಮೂರು, ನಾಲ್ಕು. ಹಲ್ಲಿನಿಂದ ಕಡಿದು ಗಂಟು ಹಾಕಿದರು. ಅಮೀನಸಾಬರು ಒಂದು ತುದಿ ಕ್ಯಾಮೆರಾಕ್ಕೆ ಕಟ್ಟಿದರು. ನಂದಿನಿ ಮುಂದೆ ಸರಿದು ಕೂತಳು. ಇನ್ನೊಂದು ತುದಿಯನ್ನು ಕುಬ್ರಾಬೇಗಂ ಸೀದಾ ಭಗವಂತರಾಯನ ಮೂಗಿಗೆ ಹಿಡಿದರು.

"ಅಲಗಬ್ಯಾಡ್ರಿ ಅಣ್ಣಾರ. ನಿಮ್ಮ ಲಗ್ನದಾಗ ಹಿಡಿದಿದ್ದೂ ನನ್ನ ಮೊಳಾನs."

ಮುಂದೆ ಆದದ್ದನ್ನು ಬಾಲಮ್ಮ ಈಗಲೂ ಕಂಡವರಿಗೆಲ್ಲ ಹೇಳುತ್ತಾಳೆ. ಭಗವಂತರಾಯ ನಕ್ಕ. ಮೊದಲು ಮೀಸೆ ಅಲುಗಿತು, ಆಮೇಲೆ ಹೆಗಲು, ಆಮೇಲೆ ಮಡಿಲಲ್ಲಿದ್ದ ಟಗರೂ ಅಲುಗುವ ಹಾಗೆ ನಕ್ಕ. ನಗುತ್ತಲೇ ಕತ್ತರಿ ಹಾಕಿದ. ಹೊತ್ತು ಇಳಿಯುತ್ತಿತ್ತು. ಅವನ ಹಿಂದೆ ಕೆರೆಯ ನೀರೆಲ್ಲ ಮಿಣಮಿಣ. ಮಧ್ಯಾಹ್ನ ಎಲ್ಲವೂ ಸರಿ ಹೋಗಿದ್ದರೆ ನಮಗೆ ಆ ಬೆಳಕು ಸಿಗುತ್ತಿರಲಿಲ್ಲ.

"ಮೂವತ್ತು ವರ್ಷ ಬಾಯಿ ಬಡಕೊಂಡೀನಿ, ಒಂದು ದಿನ ಹಿಂಗ ನಗಲಿಲ್ಲ ಈ ಮನಷ್ಯಾ!" ಎಂದಳು ಬಾಲಮ್ಮ. ಅದೂ ನನ್ನ ಮೈಕಿಗೆ ಸಿಕ್ಕಿತು.

ಕತ್ತರಿಸಿ ಮುಗಿದ ಮೇಲೆ ಒಂದು ಕಂಬಳಿಯೊಳಗೆ ಐದು ತಲೆ. ಚಕ್ರ ತಿರುಗಿತು. ಚಿತ್ರ ಬಂತು.

ಮುಖ. ಭಗವಂತರಾಯನದೇ. ಕಣ್ಣಿನ ಸುತ್ತಲ ಗೆರೆಗಳು ಇದ್ದವು, ಆದರೆ ಯಾರೂ ಎಣಿಸಿರಲಿಲ್ಲ. ಹಿಂದಿನ ಕೆರೆಯ ಮಿಂಚೆಲ್ಲ ದುಂಡಗೆ ಬಳೆ ಬಳೆಯಾಗಿ ತೇಲುತ್ತಿತ್ತು, ಅಂಚಿನಲ್ಲಿ ಬೆಳಕು ಸೋರಿತ್ತು. ಬಲಗಡೆ ಮೂಲೆಯಲ್ಲಿ, ಹಿಂದೆ ಸರಿಯಲು ತಡ ಮಾಡಿದ ಒಂದು ಬಳೆ ತೊಟ್ಟ ಪುಟ್ಟ ಕೈ, ಬೆರಳಲ್ಲಿ ದಾರ.

"ಯಾ ಅಲ್ಲಾ, ನನ್ನ ಕೈ ಬಂದುಬಿಟ್ಟೈತಲ್ಲ," ಎಂದರು ಕುಬ್ರಾಬೇಗಂ. "ಕತ್ರಿಸಿ ಒಗಿಯವಾ ಅದನ್ನ."

"ಕತ್ರಸಂಗಿಲ್ಲರಿ ಚಾಚಿ," ಎಂದಳು ನಂದಿನಿ. ಕಂಬಳಿಯ ಕತ್ತಲಲ್ಲಿ ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ದನಿಯಲ್ಲಿ ಎರಡೂ ಇತ್ತು. "ಅದು ಇರಲಿ."

ಕುಬ್ರಾಬೇಗಂ ಇನ್ನೊಮ್ಮೆ ಚಿತ್ರ ಹಚ್ಚಿಸಿ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ, "ಹಂಗಾರ ಅಷ್ಟೂ ಲಗ್ನಕ್ಕ ನಾನೂ ಹೋಗೀನಿ ಅಂದಂಗಾತು ನೋಡ್ರಿ," ಎಂದರು.

"ಹೌದಲ್ಲ," ಎಂದರು ಅಮೀನಸಾಬರು, ಅದೇ ಈಗ ಗೊತ್ತಾದವರ ಹಾಗೆ.

"ಊಟ ಅಷ್ಟ ಬಾಕಿ ಉಳೀತು."

"ಅದ್ಯಾಕ ಉಳೀತೈತಿ, ಬರ್ರಿ ಅಕ್ಕಾರ," ಎಂದು ಬಾಲಮ್ಮ ಬುಟ್ಟಿ ಎಳೆದು ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು ಎಲ್ಲ ಮುಂದಿಟ್ಟಳು. ಎಲ್ಲರೂ ಕೂತೆವು. ಮೌನೇಶ ಮಾತ್ರ ಇನ್ನೂ ಏದುಸಿರು ಬಿಡುತ್ತ ಕಾಲಿಗೆ ಚುಚ್ಚಿದ ತೊಗರಿ ಕೂಳೆ ತೆಗೆಯುತ್ತಿದ್ದ.

"ಮಾವಾ, ಖರೇ ಹೇಳು," ಎಂದ. "ನಿನ್ನ ಕೈಯಾಗಿಂದ ಇಷ್ಟು ವರ್ಷದಾಗ ಒಂದು ಮರಿ ಸೈತ ಬಿಡಿಸ್ಕೊಂಡು ಹೋಗಿಲ್ಲ. ಟಗರು ಜಾರಿತೋ, ನೀ ಬಿಟ್ಟಿಯೋ?"

ಭಗವಂತರಾಯ ತುತ್ತು ನುಂಗಿ, ನೀರು ಕುಡಿದು, ಮೀಸೆ ಒರೆಸಿಕೊಂಡ. ಅವತ್ತು ಅವನು ಆಡಿದ ಮಾತು ಅದೊಂದೇ, ಅದು ನನ್ನ ಹತ್ತಿರ ಇದೆ.

"ಉಣ್ಣಿಗೆ ಎಣ್ಣಿ ಇರ್ತೈತ್ಲೇ," ಎಂದ. "ಜಾರತೈತಿ."